ಹಳೆಯ ಪಿಕಪ್ಪಿನ ಬ್ರೇಕು

ಸ್ವಾರಗೇಟಿನಿಂದ ಸಾತಾರದ ಹಾದಿ ಹಿಡಿದು ದಕ್ಷಿಣಕ್ಕೆ ಹೊರಟರೆ, ಪುಣೆಯ ಬಯಲು ಮುಗಿದು ಗುಡ್ಡಗಳು ಎದ್ದು ನಿಲ್ಲುವ ಎಡೆಯಲ್ಲಿ ಕಾತ್ರಜವಿದೆ. ನಿಮ್ಮಲ್ಲಿ ಹಲವರು ಅಲ್ಲಿಯ ಪ್ರಾಣಿಸಂಗ್ರಹಾಲಯವನ್ನು ನೋಡಿರುವಿರಿ. ಅಲ್ಲಿಯ ಕೆರೆಯ ದಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದವರೂ ಇರಬಹುದು. 1750ರ ಸುಮಾರಿಗೆ ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ ಕಟ್ಟಿದ ಕೆರೆಯದು. ಅಲ್ಲಿಂದ ನೆಲದೊಳಗಣ ಕಲ್ಲುಗಾಲುವೆಯಲ್ಲಿ ಶನಿವಾರವಾಡೆಯವರೆಗೂ ನೀರು ಹರಿದು ಬರುತ್ತಿದ್ದಿತು. ಅದನ್ನು ನೂಕುವುದಕ್ಕೆ ಪಂಪು ಇರಲಿಲ್ಲ. ಕಾತ್ರಜವು ಎತ್ತರದಲ್ಲಿದೆ, ಪೇಟೆಯು ತಗ್ಗಿನಲ್ಲಿದೆ, ಅಷ್ಟೇ ಸಾಕಾಯಿತು.

ಅಂದು ನೀರನ್ನು ತಂದುಕೊಟ್ಟ ಆ ಇಳಿಜಾರೇ ಇಂದು ವಾಹನಗಳಿಗೆ ಗಂಡಾಂತರವನ್ನು ತಂದೊಡ್ಡುತ್ತಿದೆ. 2022ರ ನವೆಂಬರ್ 20ರ ರಾತ್ರಿ, ಹೊಸ ಕಾತ್ರಜ ಸುರಂಗದ ಕಡೆಯಿಂದ ನವಲೆ ಸೇತುವೆಯತ್ತ ಇಳಿಯುತ್ತಿದ್ದ ಒಂದು ಭಾರಿ ಲಾರಿಯು ಹಿಡಿತ ತಪ್ಪಿ, ಮುಂದಿದ್ದ ಇಪ್ಪತ್ತಕ್ಕೂ ಹೆಚ್ಚು ವಾಹನಗಳಿಗೆ ಬಡಿಯಿತು. ಚಾಲಕನು ಡೀಸೆಲು ಉಳಿಸುವ ಆಸೆಯಿಂದ ಇಳುಕಲಿನಲ್ಲಿ ಇಂಜಿನ್ನನ್ನು ಆರಿಸಿದ್ದನೆಂದು ಪೊಲೀಸರು ಹೇಳಿದುದು ಪತ್ರಿಕೆಗಳಲ್ಲಿ ಬಂದಿತು. ಇಂಜಿನ್ನನ್ನು ಆರಿಸುವುದಕ್ಕೂ ಬ್ರೇಕು ಹಿಡಿಯದಿರುವುದಕ್ಕೂ ಏನು ಸಂಬಂಧ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ. ಮುಂದೆ ಉತ್ತರ ದೊರೆಯುವುದು.

ಈ ಪಾಠವನ್ನು ನಾನು ಬರೆಯಲು ಕಾರಣರಾದವರು ನಮ್ಮ ಹತ್ತನೆಯ ತರಗತಿಯ ಒಬ್ಬ ಹುಡುಗನ ತಂದೆ. ಇಂಡಿ ತಾಲ್ಲೂಕಿನಿಂದ ದುಡಿಮೆಯನ್ನರಸಿ ಪುಣೆಗೆ ಬಂದವರು. ಮೊದಲು ಹಮಾಲರಾಗಿದ್ದು, ಅನಂತರ ಚಾಲಕರಾಗಿ, ಕೊನೆಗೆ ಸಾಲ ಮಾಡಿ ಹಳೆಯದೊಂದು ಪಿಕಪ್ಪನ್ನು ಕೊಂಡುಕೊಂಡಿರುವರು. ಶಿರವಳದ ಕಡೆಯಿಂದ ಟೊಮ್ಯಾಟೊ, ಬದನೆ, ಕೊತ್ತಂಬರಿ ಹೇರಿಕೊಂಡು, ಹಳೆಯ ಘಾಟನ್ನು ಇಳಿದು, ನಸುಕಿನಲ್ಲಿ ಗುಲ್‌ಟೇಕಡಿಯ ಮಾರುಕಟ್ಟೆಗೆ ತಲುಪಿಸುವುದು ಅವರ ಉದ್ಯೋಗ. ರಜೆಯ ದಿನಗಳಲ್ಲಿ ಮಗನೂ ಜೊತೆಯಲ್ಲಿ ಹೋಗುವುದುಂಟು. ಮಳೆಗಾಲದ ಕೊನೆಯ ದಿನಗಳಲ್ಲಿ ಒಮ್ಮೆ ಅವರು ಶಾಲೆಗೆ ಬಂದು, ಮಗನ ಅಂಕಗಳ ಮಾತು ಮುಗಿದ ಮೇಲೆಯೂ ಎದ್ದು ಹೋಗದೆ ನಿಂತರು.

“ಸರ್, ನಿನ್ನೆ ಘಾಟ ಇಳಿಯೂ ಮುಂದ ಬ್ರೇಕ್ ಹೋಗಿ ಬಿಟ್ಟಿತ್ರೀ. ಹುಡುಗಾನೂ ಗಾಡ್ಯಾಗ ಇದ್ದ. ಹ್ಯಾಂಡ್‌ಬ್ರೇಕ್ ಜಗ್ಗಿ, ಗಿಯರ್ ಇಳಿಸಿ, ಗುಡ್ಡದ ಬಾಜೂ ಹಚ್ಚಿ ನಿಲ್ಲಿಸ್ದೆ. ಹತ್ತು ಹದಿನೈದು ಮಿನಿಟ್ ಬಿಟ್ಟು ನೋಡಿದ್ರ ಬ್ರೇಕ್ ಬರೋಬ್ಬರಿ ಐತ್ರಿ! ಗ್ಯಾರೇಜಿನವ್ರು ಏನೂ ಆಗಿಲ್ಲ ಅಂತಾರ.”

ಒಂದು ಗ್ಯಾರೇಜಿನಲ್ಲಿ ಮುಂದಿನ ಚಕ್ರಗಳ ಪ್ಯಾಡುಗಳನ್ನು ಬದಲಿಸಿದ್ದರು. ಮತ್ತೊಂದೆಡೆ ಮಾಸ್ಟರ್ ಸಿಲಿಂಡರನ್ನೇ ಹೊಸದಾಗಿ ಹಾಕಿಸಬೇಕೆಂದು ಹೇಳಿದ್ದರು. ಮೊದಲನೆಯದಕ್ಕೆ ಹಣ ವೆಚ್ಚವಾಗಿತ್ತು, ಎರಡನೆಯದಕ್ಕೆ ಹಣವಿರಲಿಲ್ಲ. ನನಗೆ ವಾಹನ ದುರಸ್ತಿ ಬಾರದು. ಆದರೆ ಬ್ರೇಕು ಹೋಗಿ ಹದಿನೈದು ನಿಮಿಷದಲ್ಲಿ ತಾನಾಗಿ ಮರಳಿ ಬಂದಿತೆಂಬುದು ನನ್ನ ಕುತೂಹಲವನ್ನು ಕೆರಳಿಸಿತು. ಮುರಿದ ವಸ್ತು ತಾನಾಗಿ ಕೂಡಿಕೊಳ್ಳುವುದಿಲ್ಲ. ಆದುದರಿಂದ ಇದು ಬರಿಯ ಮುರಿದುದರ ಸಂಗತಿಯಲ್ಲ, ಬಿಸಿಯಾಗಿ ಆರಿದುದರ ಸಂಗತಿ. ಕಾತ್ರಜದಲ್ಲಿ ನನಗೆ ಪರಿಚಯವಿದ್ದ ವಯಸ್ಸಾದ ಮಿಸ್ತ್ರಿಯೊಬ್ಬರ ಬಳಿಗೆ ಮುಂದಿನ ಭಾನುವಾರ ಮೂವರೂ ಹೋಗುವುದೆಂದು ಗೊತ್ತಾಯಿತು. ಅಲ್ಲಿಯವರೆಗೆ ಗಾಡಿಯು ಘಾಟಿಗೆ ಹೋಗಬಾರದೆಂದು ಕೇಳಿಕೊಂಡೆನು. ನಾಲ್ಕು ದಿನದ ಬಾಡಿಗೆ ತಪ್ಪಿತು. ಅವರು ಒಪ್ಪಿಕೊಂಡರೆಂಬುದನ್ನು ಇಲ್ಲಿ ಹೇಳಲೇಬೇಕು.

ಮೊದಲು ಬ್ರೇಕು ಎಂದರೇನು ಎಂಬುದನ್ನು ತಿಳಿಯೋಣ. ಬ್ರೇಕು ವಾಹನದ ಚಲನಶಕ್ತಿಯನ್ನು ಅಳಿಸಿಬಿಡುವುದೆಂದು ಹಲವರು ಭಾವಿಸುವರು. ಶಕ್ತಿಯು ಅಳಿಯದೆಂಬುದನ್ನು ನೀವು ಒಂಬತ್ತನೆಯ ತರಗತಿಯಲ್ಲಿಯೇ ಓದಿರುವಿರಿ. ಬ್ರೇಕು ಅದನ್ನು ಘರ್ಷಣೆಯ ಮೂಲಕ ಉಷ್ಣವನ್ನಾಗಿ ಮಾರ್ಪಡಿಸುವುದು, ಅಷ್ಟೆ. ಎಷ್ಟು ಉಷ್ಣ? ಒಂದು ಲೆಕ್ಕ ಮಾಡಿ ನೋಡಿರಿ. ಹೊರೆ ಸಹಿತವಾಗಿ 2,500 ಕಿಲೋಗ್ರಾಂ ತೂಗುವ ಪಿಕಪ್ಪು ಗಂಟೆಗೆ 40 ಕಿಲೋಮೀಟರು ವೇಗದಿಂದ ಹೋಗುತ್ತಿದ್ದರೆ ಅದರ ಚಲನಶಕ್ತಿಯು ಸುಮಾರು 1,54,000 ಜೂಲು. ಬಯಲಿನಲ್ಲಿ ಒಮ್ಮೆ ನಿಲ್ಲಿಸುವಾಗ ಬ್ರೇಕು ನುಂಗಬೇಕಾದುದು ಇಷ್ಟು. ಅದೇ ಪಿಕಪ್ಪು 100 ಮೀಟರು ಎತ್ತರದಿಂದ ಕೆಳಗಿಳಿಯಿತೆನ್ನಿ. 2,500 × 9.8 × 100, ಅಂದರೆ 24,50,000 ಜೂಲು. ಬಯಲಿನಲ್ಲಿ ಹದಿನಾರು ಸಲ ನಿಲ್ಲಿಸಿದಷ್ಟಾಯಿತು! ಎಂಟು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾಗುವ ಉಷ್ಣವಿದು. ಇಂಜಿನ್ನು ಪಾಲುಗೊಳ್ಳದಿದ್ದರೆ ಇದರ ಬಹುಭಾಗವೂ ನಾಲ್ಕು ಚಕ್ರಗಳ ಒಳಗಿನ ಕೆಲವು ಕಿಲೋಗ್ರಾಂ ಕಬ್ಬಿಣಕ್ಕೆ ಸೇರಬೇಕು. ಗಾಳಿಯು ಅದನ್ನು ಆರಿಸುವುದು ನಿಜ. ಆದರೆ ಮೆಲ್ಲಗೆ ಇಳಿಯುವ ವಾಹನಕ್ಕೆ ಗಾಳಿಯೂ ಮೆಲ್ಲಗೇ ತಾಕುವುದು.

ಇನ್ನು ಕಾಲಿನ ಬಲವು ಚಕ್ರಕ್ಕೆ ಮುಟ್ಟುವ ಬಗೆ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲನು ಕಂಡುಕೊಂಡ ನಿಯಮ ನಿಮಗೆ ಗೊತ್ತು: ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದು. ಅಮೆರಿಕದ ಮಾಲ್ಕಮ್ ಲಾಕ್‌ಹೀಡನು ಇದನ್ನು ಮೋಟಾರಿನ ಬ್ರೇಕಿಗೆ ಅಳವಡಿಸಿ 1917ರಲ್ಲಿ ಪೇಟೆಂಟು ಪಡೆದನು. 1921ರಲ್ಲಿ ಡ್ಯೂಸೆನ್‌ಬರ್ಗ್ ಎಂಬ ಮೋಟಾರುಗಾಡಿಯಲ್ಲಿ ನಾಲ್ಕು ಚಕ್ರಗಳಿಗೂ ಇಂತಹ ದ್ರವದ ಬ್ರೇಕು ಬಂದಿತು. ಇಂದಿನ ನಮ್ಮ ಪಿಕಪ್ಪಿನಲ್ಲಿರುವುದೂ ಅದರ ಸಂತತಿಯೇ.

ಚಾಲಕನು ಪೆಡಲನ್ನು 25 ಕಿಲೋಗ್ರಾಂ ತೂಕದಷ್ಟು ಬಲದಿಂದ ತುಳಿದನೆನ್ನೋಣ. ಪೆಡಲು ಒಂದು ಸನ್ನೆಕೋಲು; ಬಲವು ಐದು ಪಟ್ಟಾಗಿ 125 ಆಯಿತು. ಅದು ಮಾಸ್ಟರ್ ಸಿಲಿಂಡರಿನ ಕೊಂತವನ್ನು ತಳ್ಳುವುದು. ಕೊಂತದ ಮುಖ 5 ಚದರ ಸೆಂಟಿಮೀಟರು ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 25 ಕಿಲೋಗ್ರಾಮಿನ ಒತ್ತಡವಾಯಿತು. ಮುಂದಿನ ಚಕ್ರದ ಡಿಸ್ಕಿನ ಬಳಿಯಿರುವ ಕೊಂತದ ಮುಖ 25 ಚದರ ಸೆಂಟಿಮೀಟರು ಇದ್ದರೆ ಅಲ್ಲಿ 625 ಕಿಲೋಗ್ರಾಮಿನಷ್ಟು ಬಲ ದೊರೆಯಿತು. ಇಷ್ಟು ಲಾಭ ಬಿಟ್ಟಿಯಾಗಿ ಬಾರದು. ದೊಡ್ಡ ಕೊಂತವು ಬಲದಲ್ಲಿ ಎಷ್ಟು ಗಳಿಸಿತೋ ದೂರದಲ್ಲಿ ಅಷ್ಟೇ ಕಳೆದುಕೊಳ್ಳುವುದು. ಮಾಸ್ಟರ್ ಸಿಲಿಂಡರಿನ ಕೊಂತವು 3 ಸೆಂಟಿಮೀಟರು ಸರಿದರೆ ಅದು ತಳ್ಳುವ ದ್ರವವು 15 ಘನ ಸೆಂಟಿಮೀಟರು ಮಾತ್ರ. ಚಹದ ಮೂರು ಚಮಚೆಯಷ್ಟು! ಗಾಡಿಯಲ್ಲಿರುವವರ ಪ್ರಾಣವೆಲ್ಲ ಆ ಮೂರು ಚಮಚೆಯ ಮೇಲೆ ನಿಂತಿದೆ. ಅದರಲ್ಲಿ ಒಂದಿಷ್ಟು ಸೋರಿದರೆ, ಅಥವಾ ಬೇಡದ ಅಂತರವನ್ನು ತುಂಬುವುದಕ್ಕೆ ವ್ಯಯವಾದರೆ, ಚಕ್ರವನ್ನು ಒತ್ತುವುದಕ್ಕೆ ಉಳಿಯುವುದೇನು? ಬ್ರೇಕಿನ ರೋಗಗಳನ್ನೆಲ್ಲ ಈ ಲೆಕ್ಕದಿಂದಲೇ ಬಿಡಿಸಬಹುದು.

ಭಾನುವಾರ ಬೆಳಗ್ಗೆ ಗ್ಯಾರೇಜಿಗೆ ಹೋದೆವು. ಮಿಸ್ತ್ರಿಯವರು ಮರಾಠಿಯವರು, ಮಾತು ಕಡಿಮೆ. ಪಾನಾ ಹಿಡಿಯುವುದಕ್ಕೆ ಮೊದಲು ಸಮನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಟ್ಟು, ಚಾಲಕನ ಸ್ಥಾನದಲ್ಲಿ ಹುಡುಗನನ್ನೇ ಕೂರಿಸಿದರು. ಪೆಡಲು ಏನು ಹೇಳುವುದೋ ಅದನ್ನು ಕಾಲಿನಿಂದ ಕೇಳಬೇಕೆಂಬುದು ಅವರ ಮೊದಲ ಮಾತು. ವೈದ್ಯನು ನಾಡಿ ಹಿಡಿಯುವಂತೆ.

ಮೊದಲನೆಯ ಪರೀಕ್ಷೆ: ಇಂಜಿನ್ನು ಆರಿರುವಾಗ ಪೆಡಲನ್ನು ನಾಲ್ಕೈದು ಸಲ ತುಳಿಯುವುದು. ಅದು ಗಟ್ಟಿಯಾಗುವುದು. ಆಮೇಲೆ ಕಾಲನ್ನು ಎತ್ತದೆ, ಒತ್ತಿ ಹಿಡಿದಂತೆಯೇ ಇಂಜಿನ್ನನ್ನು ಚಾಲೂ ಮಾಡುವುದು. ಪೆಡಲು ತಾನಾಗಿ ಒಂದಿಷ್ಟು ಕೆಳಗಿಳಿಯಬೇಕು. ಇಳಿಯಿತು. ಇದರ ಅರ್ಥವೇನು? ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವೆ ಬೋಗುಣಿಯಾಕಾರದ ಒಂದು ಡಬ್ಬಿಯಿದೆ. ಅದಕ್ಕೆ ಬೂಸ್ಟರೆಂದು ಹೆಸರು. ಅದರೊಳಗೆ ಒಂದು ಪರದೆ. ಪರದೆಯ ಒಂದು ಬದಿಯ ಗಾಳಿಯನ್ನು ವ್ಯಾಕ್ಯೂಮ್ ಪಂಪು ಹೀರಿ ತೆಗೆದಿರುವುದು. ಪೆಡಲನ್ನು ತುಳಿದಾಗ ಇನ್ನೊಂದು ಬದಿಗೆ ಹೊರಗಿನ ಗಾಳಿ ನುಗ್ಗಿ ಪರದೆಯನ್ನು ತಳ್ಳುವುದು. ಪರದೆಯ ವ್ಯಾಸ 20 ಸೆಂಟಿಮೀಟರಾದರೆ ವಾಯುಮಂಡಲವೇ ಇನ್ನೂರು ಕಿಲೋಗ್ರಾಮಿಗೂ ಮೀರಿದ ಬಲದಿಂದ ನಮ್ಮ ಕಾಲಿಗೆ ನೆರವಾಗುವುದು. ಡೀಸೆಲ್ ಗಾಡಿಯಲ್ಲಿ ಆ ಪಂಪನ್ನು ನಡೆಸುವುದು ಇಂಜಿನ್ನು. ಇಂಜಿನ್ನು ಆರಿತೆಂದರೆ ಡಬ್ಬಿಯಲ್ಲಿ ಉಳಿದ ನಿರ್ವಾತವು ಎರಡು ಮೂರು ಸಲ ತುಳಿಯುವುದಕ್ಕೆ ಸಾಕು. ಅನಂತರ ಪೆಡಲು ಕಲ್ಲಾಗುವುದು. ಚಾಲಕನು ತನ್ನ ಕಾಲಿನ ಬಲವೊಂದನ್ನೇ ನಂಬಬೇಕಾಗುವುದು. ಮೊದಲು ಕೇಳಿದ ಪ್ರಶ್ನೆಗೆ ಉತ್ತರವಿದು. ನಮ್ಮ ಗಾಡಿಯಲ್ಲಿ ಬೂಸ್ಟರು ಆರೋಗ್ಯವಾಗಿದ್ದಿತು.

ಎರಡನೆಯದು: ಇಂಜಿನ್ನು ನಡೆಯುತ್ತಿರುವಾಗ ಪೆಡಲನ್ನು ಒತ್ತಿ ಹಿಡಿದು ಒಂದು ನಿಮಿಷ ಕಾಯುವುದು. ಮೆಲ್ಲನೆ ಕೆಳಕ್ಕೆ ಜಾರುತ್ತ ಹೋದರೆ ದ್ರವವು ಎಲ್ಲಿಯೋ ತಪ್ಪಿಸಿಕೊಳ್ಳುತ್ತಿದೆ ಎಂದರ್ಥ. ಹೊರಗೆ ಸೋರಿದರೆ ಚಕ್ರದ ಒಳಬದಿಯಲ್ಲಿ ಪಸೆ ಕಾಣುವುದು. ಹೊರಗೆ ಎಲ್ಲಿಯೂ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ವಾಷರು ಸವೆದಿರುವುದು. ಇಲ್ಲಿ ಪೆಡಲು ಜಾರಲಿಲ್ಲ. ಮಾಸ್ಟರ್ ಸಿಲಿಂಡರನ್ನು ಬದಲಿಸಿದ್ದರೆ ಆ ಹಣವೂ ನೀರಿಗೆ ಹೋಗುತ್ತಿದ್ದಿತು! ಒಂದು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ಭಾಗ ಬದಲಿಸಲು ಹೇಳುವವರ ಮೇಲೆ ನನಗೆ ಸ್ವಲ್ಪ ಕೋಪ ಬಂದುದುಂಟು.

ಮೂರನೆಯದರಲ್ಲಿ ಸುಳಿವು ಸಿಕ್ಕಿತು. ಒಮ್ಮೆ ತುಳಿದು ಬಿಟ್ಟು, ತಟ್ಟನೆ ಮತ್ತೊಮ್ಮೆ ತುಳಿಯಲು ಮಿಸ್ತ್ರಿಯವರು ಹೇಳಿದರು.

“ಮೊದಲನೇ ಸಲ ಭಾಳ ಕೆಳಗ ಹೋಗ್ತದ್ರೀ ಸರ್. ಎರಡನೇ ಸಲ ಮ್ಯಾಲೇ ಹಿಡೀತದ” ಎಂದನು ಹುಡುಗ.

“ಸ್ಪಂಜಿನಂತೆ ಮೆತ್ತಗಿದೆಯೋ, ಗಟ್ಟಿಯಾಗಿದೆಯೋ?” ಎಂದು ಕೇಳಿದೆನು.

“ಗಟ್ಟಿನ ಐತ್ರಿ. ಖರೇ, ತಡಾ ಹಿಡೀತದ.”

ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ ಎನ್ನಬಹುದಾಗಿತ್ತು. ದ್ರವವು ಕುಗ್ಗುವುದಿಲ್ಲ, ಗಾಳಿ ಕುಗ್ಗುವುದು. ತುಳಿದ ಬಲವೆಲ್ಲ ಗುಳ್ಳೆಯನ್ನು ಹಿಸುಕುವುದಕ್ಕೇ ಸರಿಹೋಗುವುದು. ಮೊದಲ ತುಳಿತ ಆಳಕ್ಕೆ ಹೋಗಿ ಎರಡನೆಯದು ಮೇಲೆಯೇ ಗಟ್ಟಿಯಾಗಿ ನಿಂತರೆ, ಮೊದಲ ಮೂರು ಚಮಚೆ ದ್ರವವು ಎಲ್ಲಿಯೋ ಇರುವ ಅಂತರವನ್ನು ತುಂಬುವುದಕ್ಕೆ ವ್ಯಯವಾಯಿತೆಂದು ತಿಳಿಯಬೇಕು. ಇಂತಹ ಅಂತರವು ಸಾಮಾನ್ಯವಾಗಿ ಬೆಳೆಯುವುದು ಹಿಂದಿನ ಚಕ್ರಗಳ ಡ್ರಮ್ಮುಗಳಲ್ಲಿ. ಅಲ್ಲಿ ಎರಡು ಅರ್ಧಚಂದ್ರಾಕಾರದ ಶೂಗಳು ಒಳಗಿನಿಂದ ಹಿಗ್ಗಿ ಡ್ರಮ್ಮನ್ನು ಒತ್ತುವುವು. ಶೂವಿನ ಮೇಲಿನ ಲೈನರು ಸವೆದಂತೆಲ್ಲ ಡ್ರಮ್ಮಿಗೂ ಅದಕ್ಕೂ ನಡುವಣ ಎಡೆ ಹಿರಿದಾಗುವುದು. ಅದನ್ನು ಹೊಂದಿಸುವುದಕ್ಕೆ ಒಂದು ಹಲ್ಲಿನ ತಿರುಪು ಇದೆ. ಹಲವು ಗಾಡಿಗಳಲ್ಲಿ ಅದು ತಾನಾಗಿಯೇ ತಿರುಗಬೇಕು. ಹಳೆಯ ಗಾಡಿಯಲ್ಲಿ ತುಕ್ಕು ಹಿಡಿದು ತಿರುಗುವುದನ್ನು ಮರೆತಿರುವುದು.

ಡ್ರಮ್ಮನ್ನು ಬಿಚ್ಚಿದರು. ಹುಡುಗನು ಒಳಗಿನ ಕರಿಯ ಹುಡಿಯನ್ನು ಊದಲು ಬಾಗಿದಾಗ ಮಿಸ್ತ್ರಿಯವರು ಗದರಿ ಹಿಂದಕ್ಕೆಳೆದರು. ಹಳೆಯ ಲೈನರುಗಳಲ್ಲಿ ಆಸ್‌ಬೆಸ್ಟಾಸ್ ಇರುವುದುಂಟು. ಅದರ ಎಳೆಗಳು ಶ್ವಾಸಕೋಶವನ್ನು ಸೇರಿದರೆ ಹಲವಾರು ವರ್ಷಗಳ ಅನಂತರ ಮಾರಕ ರೋಗಗಳನ್ನು ತರುವುವು. ಬಾಯಿಂದಾಗಲಿ ಕಂಪ್ರೆಸರಿನಿಂದಾಗಲಿ ಆ ಹುಡಿಯನ್ನು ಊದಬಾರದು; ಒದ್ದೆ ಬಟ್ಟೆಯಿಂದ ಒರೆಸಬೇಕು. ಲೈನರು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದ್ದಿತು. ವಿಚಿತ್ರವಲ್ಲವೆ? ಮುಂದಿನ ಪ್ಯಾಡುಗಳು ಪದೇ ಪದೇ ಸವೆಯುತ್ತಿದ್ದರೂ ಹಿಂದಿನವು ಸವೆದೇ ಇಲ್ಲ. ಆದರೆ ತಿರುಪು ಮಾತ್ರ ತುಕ್ಕಿನಿಂದ ಬಿಗಿದುಹೋಗಿತ್ತು. ಅದನ್ನು ಬಿಡಿಸಿ, ಶೂಗಳನ್ನು ಹತ್ತಿರಕ್ಕೆ ತಂದು, ಡ್ರಮ್ಮು ಒಂದಿಷ್ಟೇ ಉಜ್ಜುವಂತೆ ಹೊಂದಿಸಿದರು. ಪೆಡಲು ಮೊದಲ ತುಳಿತಕ್ಕೇ ಮೇಲೆ ಹಿಡಿಯಿತು.

ಇಲ್ಲಿಗೆ ಕೆಲಸ ಮುಗಿಯಿತೆಂದು ನಾನು ನಂಬಿದೆನು. ಗಾಡಿಯ ಒಡೆಯರೂ ನಂಬಿದರು. ಮಿಸ್ತ್ರಿಯವರು ನಂಬಲಿಲ್ಲ. ಪೆಡಲು ಕೆಳಗಿದ್ದುದಕ್ಕೆ ಕಾರಣ ಸಿಕ್ಕಿತೇ ಹೊರತು, ಘಾಟಿನಲ್ಲಿ ಬ್ರೇಕು ಹೋಗಿ ಮತ್ತೆ ಬಂದುದಕ್ಕೆ ಸಿಕ್ಕಿರಲಿಲ್ಲ.

ಅವರು ದ್ರವದ ಬಟ್ಟಲಿನ ಮುಚ್ಚಳ ತೆಗೆದು ತೋರಿಸಿದರು. ತಿಳಿಯಾಗಿರಬೇಕಾದ ಬ್ರೇಕ್ ಆಯಿಲು ಚಹದ ಕಷಾಯದಂತೆ ಕಪ್ಪಾಗಿದ್ದಿತು. ಅದನ್ನು ಬದಲಿಸಿದ ನೆನಪು ಯಾರಿಗೂ ಇಲ್ಲ. ಕಡಿಮೆಯಾದಾಗ ಮೇಲೆ ಸುರಿದುದಷ್ಟೆ. ಆಯಿಲು ಎಂಬ ಹೆಸರಿದ್ದರೂ ಇದು ಎಣ್ಣೆಯಲ್ಲ. ಇದಕ್ಕೆ ಇಂಜಿನ್ ಆಯಿಲನ್ನು ಬೆರೆಸಿದರೆ ರಬ್ಬರುಗಳೆಲ್ಲ ಊದಿಕೊಂಡು ಕೆಡುವುವು. ಮೇಲಾಗಿ ಇದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ಎಂಬ ದರ್ಜೆಯದು ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿನವರೆಗೂ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುವುದು. ಘಾಟಿನಲ್ಲಿ ಕಾದ ಡಿಸ್ಕಿನ ಬಳಿಯಲ್ಲಿ ದ್ರವವು ಕುದಿದರೆ ಆವಿಯ ಗುಳ್ಳೆಗಳೇಳುವುವು. ಗುಳ್ಳೆಯು ಕುಗ್ಗುವುದೆಂದು ಮೊದಲೇ ಹೇಳಿದೆನಷ್ಟೆ. ಪೆಡಲು ನೆಲಕ್ಕೆ ಹೋಗುವುದು, ಚಕ್ರಕ್ಕೆ ಒತ್ತಡ ಮುಟ್ಟದು. ಹದಿನೈದು ನಿಮಿಷ ಬಿಟ್ಟರೆ ಆವಿ ತಣಿದು ಮತ್ತೆ ದ್ರವವಾಗುವುದು. ಬ್ರೇಕು ಮರಳಿ ಬರುವುದು. ತಣ್ಣಗಿರುವ ಗಾಡಿಯನ್ನು ನೋಡಿದ ಗ್ಯಾರೇಜಿನವರಿಗೆ ಏನೂ ಕಾಣದಿದ್ದುದು ಇದಕ್ಕೇ.

ಹಳೆಯ ದ್ರವವನ್ನೆಲ್ಲ ಹೊರಹಾಕಿ ಹೊಸದನ್ನು ತುಂಬಿದರು. ಅತಿ ದೂರದ ಚಕ್ರದಿಂದ ತೊಡಗಿ ಒಂದೊಂದಾಗಿ, ಒಳಗೆ ಕುಳಿತ ಹುಡುಗನು ತುಳಿದು ಹಿಡಿಯುವುದು, ಮಿಸ್ತ್ರಿಯವರು ಚಕ್ರದ ಬಳಿಯ ನಿಪ್ಪಲನ್ನು ಸಡಿಲಿಸಿ ಬಿಗಿಯುವುದು. ನಿಪ್ಪಲನ್ನು ಬಿಗಿಯುವ ಮೊದಲು ಕಾಲು ಎತ್ತಿದರೆ ಗಾಳಿ ಒಳಹೋಗುವುದು. ಒಮ್ಮೆ ಹಾಗಾಗಿ ಕೆಲಸವನ್ನು ಮತ್ತೆ ಮಾಡಬೇಕಾಯಿತು.

ಆದರೂ ಒಂದು ಪ್ರಶ್ನೆ ಉಳಿಯಿತು. ಅದೇ ಘಾಟಿನಲ್ಲಿ ದಿನವೂ ನೂರಾರು ಗಾಡಿಗಳು ಇಳಿಯುವುವು. ಈ ಗಾಡಿಯ ಮುಂದಿನ ಡಿಸ್ಕು ಅಷ್ಟೊಂದು ಕಾಯುವುದೇಕೆ?

ಇದಕ್ಕೆ ಮಿಸ್ತ್ರಿಯವರು ಹೂಡಿದ ಪ್ರಯೋಗವು ಎಷ್ಟು ಸರಳವೆಂದರೆ, ಭೌತಶಾಸ್ತ್ರವನ್ನು ಕಲಿಸುವ ನನಗೆ ಹೊಳೆಯದೆ ಹೋದುದಕ್ಕೆ ನಾಚಿಕೆಯಾಯಿತು. ಗಾಡಿಗೆ ಮರಳಿನ ಚೀಲಗಳನ್ನು ಹೇರಿ, ಗ್ಯಾರೇಜಿನ ಹಿಂದಿನ ನಿರ್ಜನವಾದ ಸಮತಟ್ಟು ರಸ್ತೆಯಲ್ಲಿ ಸಾವಕಾಶವಾಗಿ ಓಡಿಸುತ್ತ ಹತ್ತು ಹನ್ನೆರಡು ಸಲ ನಿಲ್ಲಿಸಿದರು. ಅನಂತರ ಇಳಿದು ಪ್ರತಿಯೊಂದು ಚಕ್ರದ ಬಳಿಗೂ ಅಂಗೈಯ ಹಿಂಬದಿಯನ್ನು ಹಿಡಿಯಲು ಹೇಳಿದರು. ಮುಟ್ಟಬಾರದು, ನಾಲ್ಕು ಬೆರಳು ದೂರದಲ್ಲಿ. ಮುಂದಿನ ಎರಡೂ ಚಕ್ರಗಳು ಒಲೆಯಂತೆ ಝಳ ಹೊಡೆಯುತ್ತಿದ್ದುವು. ಹಿಂದಿನವು ತಣ್ಣಗಿದ್ದುವು. ದುಡಿದವರ ಮೈ ಬೆವರುವುದು. ಬ್ರೇಕಿನಲ್ಲಿ ದುಡಿದುದು ಕಾಯುವುದು. ಹಿಂದಿನ ಬ್ರೇಕುಗಳು ದುಡಿಯುತ್ತಲೇ ಇರಲಿಲ್ಲ! ಲೈನರು ಸವೆಯದೆ ಉಳಿದುದರ ಗುಟ್ಟೂ ಆಗ ತಿಳಿಯಿತು. ಶೂಗಳನ್ನು ಹೊಂದಿಸಿದ ಮೇಲೆಯೂ ಹೀಗೇಕೆ?

ಮಿಸ್ತ್ರಿಯವರು ಗಾಡಿಯ ಹಿಂಭಾಗದ ಕೆಳಗೆ ತೂರಿ, ಅಚ್ಚಿನ ಮೇಲ್ಗಡೆ ಚಾಸಿಗೆ ಕೂಡಿಸಿದ್ದ ಒಂದು ಸಣ್ಣ ಕವಾಟವನ್ನು ತೋರಿಸಿದರು. ಅದಕ್ಕೆ ಅವರು ಎಲ್‌ಎಸ್‌ಪಿವಿ ಎಂದರು. ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿಗೆ ಒತ್ತಡವನ್ನು ಅಳೆದು ಕೊಡುವುದು ಅದರ ಕೆಲಸ. ಪಿಕಪ್ಪು ಖಾಲಿ ಇರುವಾಗ ಹಿಂಭಾಗ ಹಗುರ. ಆಗ ಹಿಂದಿನ ಚಕ್ರಗಳನ್ನು ಬಲವಾಗಿ ಹಿಡಿದರೆ ಅವು ತಿರುಗುವುದನ್ನು ನಿಲ್ಲಿಸಿ ಜಾರುವುವು. ಮಳೆಯಲ್ಲಿ ಗಾಡಿಯೇ ಅಡ್ಡ ತಿರುಗುವುದು. ಆದುದರಿಂದ ಖಾಲಿ ಇರುವಾಗ ಕಡಿಮೆ ಒತ್ತಡ, ಹೊರೆ ಇರುವಾಗ ಹೆಚ್ಚು ಒತ್ತಡ. ಹೊರೆ ಇದೆಯೋ ಇಲ್ಲವೋ ಎಂಬುದು ಕವಾಟಕ್ಕೆ ತಿಳಿಯುವುದು ಹೇಗೆ? ಅದಕ್ಕೆ ಕಣ್ಣಿಲ್ಲ. ಒಂದು ಸರಳು ಅದನ್ನು ಅಚ್ಚಿಗೆ ಕೂಡಿಸಿದೆ. ಹೊರೆ ಹೇರಿದಾಗ ಪಾಟಾಗಳು ಬಾಗಿ ಚಾಸಿಯು ಅಚ್ಚಿನ ಹತ್ತಿರಕ್ಕೆ ಬರುವುದು, ಸರಳು ಕವಾಟವನ್ನು ಒತ್ತುವುದು. ಗಾಡಿ ಎಷ್ಟು ತಗ್ಗಿದೆಯೋ ಅಷ್ಟು ಹೊರೆಯಿದೆ ಎಂದು ಕವಾಟದ ತಿಳುವಳಿಕೆ.

ಇಷ್ಟು ಹೇಳಿ ಮಿಸ್ತ್ರಿಯವರು ಒಡೆಯರ ಮುಖ ನೋಡಿದರು.

“ಹೆಚ್ಚಿನ ಪಾಟಾ ಹಾಕಿಸಿದ್ದೀರಾ?”

ಹಾಕಿಸಿದ್ದರು. ಎರಡು ವರ್ಷದ ಹಿಂದೆ, ಹೆಚ್ಚು ಮಾಲು ಹಿಡಿಯಲೆಂದು ಪ್ರತಿ ಬದಿಗೂ ಎರಡೆರಡು. ಅಂದಿನಿಂದ ಎಷ್ಟು ಹೊರೆ ಹೇರಿದರೂ ಗಾಡಿಯ ಹಿಂಭಾಗ ತಗ್ಗುತ್ತಿರಲಿಲ್ಲ. ಅದು ತಮ್ಮ ಗಾಡಿಯ ಗಟ್ಟಿತನವೆಂದು ಅವರು ಹೆಮ್ಮೆಪಡುತ್ತಿದ್ದರು. ಕವಾಟಕ್ಕಾದರೋ, ಟೊಮ್ಯಾಟೊ ತುಂಬಿದ ಗಾಡಿಯೂ ಖಾಲಿ ಗಾಡಿಯೇ! ಸರಳಿನ ಕೀಲು ಬೇರೆ ತುಕ್ಕು ಹಿಡಿದು ಅರ್ಧಕ್ಕೆ ನಿಂತಿದ್ದಿತು. 1663ರಲ್ಲಿ ಶಾಯಿಸ್ತಾಖಾನನ ಮೇಲೆ ದಾಳಿ ಮಾಡಿ ಹಿಂದಿರುಗುವಾಗ ಶಿವಾಜಿಯ ಕಡೆಯವರು ಎತ್ತುಗಳ ಕೊಂಬಿಗೆ ಪಂಜು ಕಟ್ಟಿ ಇದೇ ಕಾತ್ರಜ ಘಾಟಿಗೆ ಅಟ್ಟಿ, ಬೆನ್ನಟ್ಟಿದ ಮೊಗಲರಿಗೆ ದಾರಿ ತಪ್ಪಿಸಿದರೆಂದು ಐತಿಹ್ಯವಿದೆಯಷ್ಟೆ. ಕಂಡುದನ್ನೇ ನಂಬಿ ಮೋಸಹೋದ ಮೊಗಲರ ಪಾಡು ಈ ಕವಾಟದ್ದೂ ಆಯಿತು.

ಈಗ ಸರಪಣಿಯ ಕೊಂಡಿಗಳೆಲ್ಲ ಕೂಡಿದುವು. ಪಾಟಾ ಹೆಚ್ಚಿಸಿದುದರಿಂದ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ. ಹಿಂದಿನವು ದುಡಿಯದಿದ್ದುದರಿಂದ ಎಲ್ಲ ಉಷ್ಣವೂ ಮುಂದಿನ ಡಿಸ್ಕುಗಳ ಪಾಲಿಗೆ. ಅವು ಅತಿಯಾಗಿ ಕಾದುದರಿಂದ ತೇವ ಹೀರಿದ ಹಳೆಯ ದ್ರವ ಕುದಿಯಿತು. ಕುದಿದುದರಿಂದ ಪೆಡಲು ನೆಲ ಸೇರಿತು. ತುಕ್ಕು ಹಿಡಿದ ತಿರುಪಿನಿಂದಾದ ಆಳವಾದ ಪೆಡಲು ಕೈಲಿದ್ದ ಅಲ್ಪಸ್ವಲ್ಪ ಅಂಚನ್ನೂ ತಿಂದುಹಾಕಿತ್ತು. ಹೊಸ ಪ್ಯಾಡು ಹಾಕಿದ ಗ್ಯಾರೇಜಿನವರು ತಪ್ಪು ಮಾಡಿದರೆನ್ನಲಾಗದು. ಪ್ಯಾಡುಗಳು ಸವೆದಿದ್ದುದು ನಿಜ. ಅವು ಏಕೆ ಅಷ್ಟು ಬೇಗ ಸವೆದುವೆಂದು ಕೇಳಲಿಲ್ಲ, ಅಷ್ಟೆ.

ಕೀಲನ್ನು ಬಿಡಿಸಿ, ಸರಳನ್ನು ಮೇಲಕ್ಕೆ ತಂತಿಯಿಂದ ಕಟ್ಟಿಬಿಟ್ಟರೆ ಹಿಂದಿನ ಬ್ರೇಕಿಗೆ ಯಾವಾಗಲೂ ಪೂರ್ಣ ಒತ್ತಡ ದೊರೆಯುವುದಲ್ಲ ಎಂದು ನಾನು ಕೇಳಿದೆನು. ಹಲವರು ಹಾಗೆಯೇ ಮಾಡುವರಂತೆ. ಆಗ ಖಾಲಿ ಗಾಡಿ ಮಾರುಕಟ್ಟೆಯಿಂದ ಹಿಂದಿರುಗುವಾಗ, ಮಳೆಬಿದ್ದ ಘಾಟಿನ ತಿರುವಿನಲ್ಲಿ, ಹಿಂದಿನ ಚಕ್ರಗಳು ಜಾರುವುವು. ಒಂದು ಅಪಾಯವನ್ನು ಕಳೆದು ಇನ್ನೊಂದನ್ನು ಕೊಂಡಂತಾಗುವುದು. ಮಿಸ್ತ್ರಿಯವರು ಹೇಳಿದುದು ಒಂದೇ ದಾರಿ: ಹೆಚ್ಚಿನ ಪಾಟಾಗಳನ್ನು ತೆಗೆಯುವುದು, ಗಾಡಿ ಮೊದಲಿನ ಎತ್ತರಕ್ಕೆ ಬಂದ ಮೇಲೆ ಸರಳಿನ ಉದ್ದವನ್ನು ತಯಾರಕರ ಪುಸ್ತಕದಲ್ಲಿರುವ ಅಳತೆಗೆ ಕೂಡಿಸುವುದು. ಪಾಟಾ ತೆಗೆದರೆ ಪ್ರತಿ ಫೇರಿಗೆ ಕೆಲವು ಕ್ರೇಟು ಮಾಲು ಕಡಿಮೆಯಾಗುವುದು. ಒಡೆಯರು ಬಹಳ ಹೊತ್ತು ಸುಮ್ಮನೆ ಕುಳಿತರು. ಕಂತಿನ ಲೆಕ್ಕ, ಡೀಸೆಲಿನ ಲೆಕ್ಕ ಮನಸ್ಸಿನಲ್ಲಿ ನಡೆದಿರಬೇಕು. ಮಗನು ಪಾನಾಗಳನ್ನು ಒರೆಸುತ್ತ ತಂದೆಯ ಮುಖವನ್ನೇ ನೋಡುತ್ತಿದ್ದನು.

“ತಗದು ಬಿಡ್ರಿ” ಎಂದರು ಕೊನೆಗೆ.

ಇಳಿಯುವ ಬಗೆಯಲ್ಲಿಯೂ ಒಂದು ತಿದ್ದುಪಡಿ ಬೇಕಾಗಿತ್ತು. ಅವರು ಘಾಟಿನಲ್ಲಿ ನ್ಯೂಟ್ರಲಿಗೆ ಹಾಕಿ, ಉದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟು ಇಳಿಯುತ್ತಿದ್ದರು. ಡೀಸೆಲು ಉಳಿಯುವುದೆಂಬ ನಂಬಿಕೆ. ಆದರೆ ಗಿಯರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಇಂಜಿನ್ನನ್ನು ಚಕ್ರಗಳೇ ತಿರುಗಿಸುವುವು, ಡೀಸೆಲು ಬಹುಮಟ್ಟಿಗೆ ನಿಂತೇ ಹೋಗುವುದು. ನ್ಯೂಟ್ರಲಿನಲ್ಲಾದರೆ ಇಂಜಿನ್ನು ಸುಮ್ಮನೆ ತಿರುಗುತ್ತಿರುವುದಕ್ಕೂ ಡೀಸೆಲು ಬೇಕು. ಉಳಿತಾಯವೂ ಇಲ್ಲ, ಇಂಜಿನ್ನಿನ ತಡೆಯೂ ಇಲ್ಲ. ಯಾವ ಗಿಯರಿನಲ್ಲಿ ಘಾಟು ಹತ್ತಬೇಕಾಗುವುದೋ ಅದೇ ಗಿಯರಿನಲ್ಲಿ ಇಳಿಯಬೇಕೆಂದು ಹಳೆಯ ಚಾಲಕರು ಹೇಳುವ ಮಾತಿನ ತಿರುಳಿದು. ಹಾಗೆ ಇಳಿದರೆ ಆ 24 ಲಕ್ಷ ಜೂಲುಗಳಲ್ಲಿ ದೊಡ್ಡ ಪಾಲನ್ನು ಇಂಜಿನ್ನು ತಾನೇ ವಹಿಸಿಕೊಳ್ಳುವುದು.

ಮುಂದಿನ ವಾರ ಮಿಸ್ತ್ರಿಯವರೂ ನಾವೂ ಹೊರೆ ಹೇರಿದ ಗಾಡಿಯ ಹಿಂದೆ ಇನ್ನೊಂದು ಗಾಡಿಯಲ್ಲಿ ಬಂದೆವು. ಹಳೆಯ ಸುರಂಗವನ್ನು ದಾಟಿದ ಮೇಲೆ ಪಿಕಪ್ಪು ಎರಡನೆಯ ಗಿಯರಿನಲ್ಲಿ ಗುಂಯ್‌ಗುಟ್ಟುತ್ತ ತಿರುವಿನಿಂದ ತಿರುವಿಗೆ ಇಳಿಯಿತು. ಅದರ ಹಿಂದಿನ ಕೆಂಪು ದೀಪವು ಒಮ್ಮೊಮ್ಮೆ ಹೊತ್ತಿ ಆರುತ್ತಿದ್ದಿತು. ಮೊದಲಿನಂತೆ ಉದ್ದಕ್ಕೂ ಉರಿಯುತ್ತಿರಲಿಲ್ಲ. ಭಿಲಾರೆವಾಡಿಯ ಬಳಿ ರಸ್ತೆ ಸಮನಾದೆಡೆಯಲ್ಲಿ ನಿಲ್ಲಿಸಿದರು. ಹುಡುಗನು ಜಿಗಿದಿಳಿದು, ಒಂದೊಂದು ಚಕ್ರಕ್ಕೂ ಅಂಗೈಯ ಹಿಂಬದಿಯನ್ನು ಹಿಡಿಯುತ್ತ ಸುತ್ತಲೂ ಒಂದು ಸುತ್ತು ಬಂದನು.

“ನಾಲ್ಕೂ ಬೆಚ್ಚಗ ಅದಾವ್ರೀ ಸರ್. ಹಿಂದಿನ್ವೂ.”

ಮಾರುಕಟ್ಟೆಗೆ ಹೊತ್ತಾಗುತ್ತಿದ್ದುದರಿಂದ ಅವರು ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ.